ಇಂಜಿನ್ ಇಲ್ಲದ ಪುಷ್ಪಕ ಚಳ್ಳಕೆರೆಯಲ್ಲಿ ಇಳಿದದ್ದು ಹೇಗೆ?

“ಮೇಷ್ಟ್ರೇ, ಅದಕ್ಕೆ ಇಂಜಿನ್ನೇ ಇಲ್ವಂತಲ್ಲ. ಮತ್ತೆ ಅದೆಂಗೆ ಆ ಟಾರು ರೋಡಿಗೇ ನೆಟ್ಟಗೆ ಬಂದು ಇಳೀತು?”

ಚಳ್ಳಕೆರೆ ತಾಲ್ಲೂಕಿನ ನನ್ನ ಊರಿಗೆ ಹೋಗಿದ್ದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹೀಗೆ ಕೇಳಿದರು. ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನಿಗೆ ಇದಕ್ಕೆ ಥಟ್ಟನೆ ಉತ್ತರ ಹೇಳಲು ಬರಬೇಕಿತ್ತು. “ಯಜಮಾನ್ರೇ, ಅದು ಗಾಳಿಯ ಮೇಲೆ ಜಾರಿಕೊಂಡು ಬರುತ್ತೆ” ಎಂದೆ. ಅವರು ಒಪ್ಪಲಿಲ್ಲ. ಗಾಳಿಯ ಮೇಲೆ ಜಾರುವ ಹದ್ದುಗಳನ್ನು ಅವರು ದಿನವೂ ನೋಡುತ್ತಾರೆ. ಹದ್ದು ಹೀಗೆ ಬಾಣದಂತೆ ಬರುವುದಿಲ್ಲ ಎಂಬುದು ಅವರ ತಕರಾರು. ತಕರಾರು ಸರಿಯಾಗಿಯೇ ಇತ್ತು.

ಅವರು ಕೇಳಿದ್ದು ಪುಷ್ಪಕದ ಬಗ್ಗೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು, ಎಂದರೆ ಇಸ್ರೋ, ಒಮ್ಮೆ ಬಳಸಿದ ಉಡಾವಣಾ ವಾಹನವನ್ನು ಮತ್ತೆ ಬಳಸುವ ತಂತ್ರವನ್ನು ರೂಢಿಸಿಕೊಳ್ಳಲು ತಯಾರಿಸಿದ ರೆಕ್ಕೆಯುಳ್ಳ ವಾಹನ ಇದು. ಚಳ್ಳಕೆರೆಯ ವರವು ಕಾವಲಿನಲ್ಲಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ ಇದು ಮೂರು ಸಲ ಇಳಿದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ತೂಗಿಕೊಂಡು ಸಮುದ್ರಮಟ್ಟದಿಂದ 4.5 ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ರನ್‌ವೇಯಿಂದ ನಾಲ್ಕೂವರೆ ಕಿ.ಮೀ. ಆಸುಪಾಸಿನಲ್ಲಿ ಅದನ್ನು ಬಿಟ್ಟುಬಿಡುತ್ತದೆ. ಅಲ್ಲಿಂದ ಮುಂದೆ ಪೈಲಟ್ ಇಲ್ಲ, ಇಂಜಿನ್ ಇಲ್ಲ, ಇನ್ನೊಮ್ಮೆ ಸುತ್ತು ಹಾಕಿ ಬರುವ ಅವಕಾಶವೂ ಇಲ್ಲ.

ಇದರ ಹಿಂದಿನ ವಿದ್ಯೆಯನ್ನು ಬಿಡಿಸಿ ನೋಡುತ್ತ ಹೋದಾಗ ನನಗೆ ಒಂದು ವಿಷಯ ಕುತೂಹಲ ಹುಟ್ಟಿಸಿತು. ಬಿಡಿ ಬಿಡಿಯಾಗಿ ನೋಡಿದರೆ ಇದರ ಬಹುಪಾಲು 1919ರಿಂದ 1939ರವರೆಗಿನ, ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ್ದು. ಆ ಕಾಲ ಎಂದರೆ ನಮ್ಮ ಪಠ್ಯಪುಸ್ತಕಗಳಿಗೆ 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ್ದು, ಅಷ್ಟೆ. ಸಾಹಸಗಳು ನೆನಪಿನಲ್ಲಿ ಉಳಿಯುತ್ತವೆ, ಉಪಕರಣಗಳು ಮರೆತುಹೋಗುತ್ತವೆ.

ಜಾರುವ ಲೆಕ್ಕ

ಮೊದಲು ಯಜಮಾನರ ಹದ್ದಿನ ವಿಷಯಕ್ಕೆ ಬರೋಣ. ರೆಕ್ಕೆಯ ಮೇಲೆ ಗಾಳಿ ಹರಿದಾಗ ಎರಡು ಬಲಗಳು ಉಂಟಾಗುತ್ತವೆ. ಒಂದು ರೆಕ್ಕೆಯನ್ನು ಮೇಲಕ್ಕೆ ಎತ್ತುವ ಬಲ, ಇನ್ನೊಂದು ಅದನ್ನು ಹಿಂದಕ್ಕೆ ಎಳೆಯುವ ಬಲ. ಇಂಜಿನ್ ಇಲ್ಲದ ವಿಮಾನ ಒಂದೇ ವೇಗದಲ್ಲಿ ಜಾರುತ್ತಿರುವಾಗ ಒಂದು ಸುಲಭ ನಿಯಮ ಅನ್ವಯಿಸುತ್ತದೆ. ಎತ್ತುವ ಬಲ ಎಳೆಯುವ ಬಲದ ಎಷ್ಟು ಪಟ್ಟು ಇದೆಯೋ, ಇಳಿದ ಎತ್ತರದ ಅಷ್ಟೇ ಪಟ್ಟು ದೂರವನ್ನು ಅದು ಮುಂದಕ್ಕೆ ಸಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ವರ್ಸೇಲ್ಸ್ ಒಪ್ಪಂದ ಕಟ್ಟುನಿಟ್ಟಿನ ನಿರ್ಬಂಧಗಳನ್ನು ಹೇರಿತು. ಇಂಜಿನ್ ವಿಮಾನ ಕಟ್ಟುವುದು ಕಷ್ಟವಾದಾಗ ಅಲ್ಲಿನ ವಿದ್ಯಾರ್ಥಿಗಳು ಇಂಜಿನ್ ಇಲ್ಲದ ವಿಮಾನಗಳನ್ನು ಕಟ್ಟಿಕೊಂಡು, 1920ರಿಂದ ವರ್ಷಕ್ಕೊಮ್ಮೆ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಸೇರತೊಡಗಿದರು. ಹ್ಯಾನೋವರ್ ತಾಂತ್ರಿಕ ವಿದ್ಯಾಲಯದವರು ಕಟ್ಟಿದ ವ್ಯಾಂಪೈರ್ 1922ರಲ್ಲಿ ಮೂರು ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ನಿಂತಿತು. ಪ್ರಾಂಟ್ಲ್ ಆಗಷ್ಟೇ ಬಿಡಿಸಿಟ್ಟಿದ್ದ ರೆಕ್ಕೆಯ ಸಿದ್ಧಾಂತ ಹೇಳಿದ್ದೂ ಅದನ್ನೇ: ರೆಕ್ಕೆ ಉದ್ದವಾಗಿ, ಕಿರಿದಾಗಿ ಇದ್ದಷ್ಟೂ ಎಳೆತ ಕಡಿಮೆ. ವ್ಯಾಂಪೈರ್‌ನ ಎತ್ತುವ ಬಲ ಅದರ ಎಳೆತದ ಸುಮಾರು 16 ಪಟ್ಟು ಇತ್ತು.

ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ಚಳ್ಳಕೆರೆಯ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಪುಷ್ಪಕವನ್ನು ಬಿಟ್ಟದ್ದು ನೆಲದಿಂದ ಸುಮಾರು 3.9 ಕಿ.ಮೀ. ಮೇಲೆ. ಅಷ್ಟೇ ಎತ್ತರದಲ್ಲಿ 1922ರ ವ್ಯಾಂಪೈರನ್ನು ಬಿಟ್ಟರೆ ಅದು 60 ಕಿ.ಮೀ. ದೂರ ಜಾರಬಲ್ಲದು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹದ್ದು ಹಾರುವ ನೇರ ಅಳತೆಯಲ್ಲಿ ಸುಮಾರು 45 ಕಿ.ಮೀ. ಮೊಳಕಾಲ್ಮೂರಿನ ಬಂಡೆಗುಡ್ಡಗಳ ಮೇಲೆ ಬಂದಾಗಲೂ ಅದರ ಬಳಿ ಇನ್ನೂ ಒಂದು ಕಿ.ಮೀ. ಎತ್ತರ ಉಳಿದಿರುತ್ತದೆ. ಮಧ್ಯಾಹ್ನವಾದರೆ ಬಿಸಿಯಾದ ನೆಲದಿಂದ ಏಳುವ ಗಾಳಿಯನ್ನು ಹಿಡಿದು ಹದ್ದಿನ ಹಾಗೆ ಮತ್ತೆ ಮೇಲೇರಲೂಬಹುದು. ಇಂಥ ಏರುಗಾಳಿಯನ್ನು ಹುಡುಕಿ ಬಳಸಲು ಗ್ಲೈಡರ್ ಹಾರಿಸುವವರು ಕಲಿತದ್ದು 1920ರ ದಶಕದ ಕೊನೆಯಲ್ಲಿ. ಏರುತ್ತಿದ್ದೇವೆಯೋ ಇಳಿಯುತ್ತಿದ್ದೇವೆಯೋ ಎಂಬುದನ್ನು ತೋರಿಸುವ ಸೂಕ್ಷ್ಮ ಮಾಪಕ ಕೈಗೆ ಬಂದದ್ದೂ ಆಗಲೇ.

ಪುಷ್ಪಕ ಇದಕ್ಕೆ ತದ್ವಿರುದ್ಧ. ಕಕ್ಷೆಯಿಂದ ಮರಳುವ ವಾಹನ ವಾಯುಮಂಡಲವನ್ನು ಹೊಕ್ಕಾಗ ವಿಪರೀತ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಉದ್ದನೆಯ ಕಿರಿದಾದ ರೆಕ್ಕೆ ಉಳಿಯುವುದಿಲ್ಲ. ಆದ್ದರಿಂದ ಇದಕ್ಕೆ ಮೊಂಡು ಮೂಗು, ಚಿಕ್ಕ ತ್ರಿಕೋನ ರೆಕ್ಕೆ. ಪ್ರಯಾಣಿಕರ ವಿಮಾನ ಇಳಿಯುವಾಗ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. 3.9 ಕಿ.ಮೀ. ಎತ್ತರದಿಂದ ಹಾಗೆ ಇಳಿಯಲು 74 ಕಿ.ಮೀ. ದೂರ ಬೇಕು. ಪುಷ್ಪಕಕ್ಕೆ ಸಿಕ್ಕಿದ್ದು ನಾಲ್ಕೂವರೆ ಕಿ.ಮೀ. ಸರಾಸರಿ ಲೆಕ್ಕದಲ್ಲಿ ಇದು 40 ಡಿಗ್ರಿ ಇಳಿಜಾರು, ಚಿತ್ರದುರ್ಗದ ಕೋಟೆಯ ಬಂಡೆಯನ್ನು ಇಳಿದ ಹಾಗೆ.

ಶಕ್ತಿಯ ಲೆಕ್ಕ ಇನ್ನೂ ಸ್ವಾರಸ್ಯಕರ. 3.9 ಕಿ.ಮೀ. ಎತ್ತರದಲ್ಲಿ ವಾಹನದ ಪ್ರತಿ ಕಿಲೋಗ್ರಾಂನಲ್ಲಿರುವ ಪ್ರಚ್ಛನ್ನ ಶಕ್ತಿ ಸುಮಾರು 38,000 ಜೂಲ್. ಇಸ್ರೋ ತಿಳಿಸಿದಂತೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. 320 ಎಂದೇ ಇಟ್ಟುಕೊಂಡರೆ ಚಲನ ಶಕ್ತಿ ಕಿಲೋಗ್ರಾಂಗೆ ಸುಮಾರು 3,950 ಜೂಲ್, ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲನ್ನು ದಾರಿಯಲ್ಲಿಯೇ ಗಾಳಿಗೆ ಕೊಟ್ಟು ಬರಬೇಕು. ಹೆಚ್ಚು ಕೊಟ್ಟರೆ ರನ್‌ವೇ ತಲುಪುವ ಮೊದಲೇ ಬೀಳುತ್ತದೆ. ಕಡಿಮೆ ಕೊಟ್ಟರೆ ರನ್‌ವೇ ದಾಟಿ ಹೋಗುತ್ತದೆ. ಇಂಜಿನ್ ಇಲ್ಲದೆ ಇಳಿಯುವುದೆಂದರೆ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡುವ ವಿದ್ಯೆ.

320 ಕಿ.ಮೀ. ವೇಗ ಏಕೆ ಬೇಕು? ಎತ್ತುವ ಬಲ ವೇಗದ ವರ್ಗಕ್ಕೆ, ರೆಕ್ಕೆಯ ವಿಸ್ತಾರಕ್ಕೆ ಮತ್ತು ಗಾಳಿಯ ಸಾಂದ್ರತೆಗೆ ಅನುಗುಣವಾಗಿರುತ್ತದೆ. ರೆಕ್ಕೆ ಚಿಕ್ಕದಾದರೆ ವೇಗವೇ ಆ ಕೊರತೆಯನ್ನು ತುಂಬಬೇಕು. ನಮ್ಮ ಸೀಮೆಯ ಬಿಸಿಲೂ ಇಲ್ಲಿ ಒಂದು ಪಾತ್ರ ವಹಿಸುತ್ತದೆ. 35 ಡಿಗ್ರಿ ಸೆಲ್ಸಿಯಸ್ ಇರುವ ಹೊತ್ತಿನಲ್ಲಿ ಚಳ್ಳಕೆರೆಯ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮಾನಕ ಸಾಂದ್ರತೆಗಿಂತ ಸುಮಾರು ಶೇಕಡಾ 13ರಷ್ಟು ಕಡಿಮೆ. ಅದರಿಂದ ಇಳಿಯುವ ವೇಗ ಶೇಕಡಾ 7ರಷ್ಟು ಹೆಚ್ಚಬೇಕಾಗುತ್ತದೆ. ಮೂರೂ ಪ್ರಯೋಗಗಳು ಬೆಳಿಗ್ಗೆ ಏಳು ಗಂಟೆಯ ಆಸುಪಾಸಿನಲ್ಲಿ ನಡೆದದ್ದನ್ನು ನೀವು ಗಮನಿಸಿರಬಹುದು. ಆ ಹೊತ್ತಿಗೆ ಗಾಳಿ ತಂಪಾಗಿರುತ್ತದೆ, ಶಾಂತವಾಗಿರುತ್ತದೆ. ಬಯಲಿನಲ್ಲಿ ಸುಂಟರಗಾಳಿ ಎದ್ದು ಕಡಲೆಕಾಯಿ ಹೊಟ್ಟನ್ನು ಸುತ್ತಿಸುವುದು ಹನ್ನೊಂದರ ಮೇಲೆ.

ಕಣ್ಣಿಲ್ಲದ ಹಾರಾಟ

ಲೆಕ್ಕ ಗೊತ್ತಿದ್ದರೆ ಸಾಲದು. ತಾನು ಎಲ್ಲಿದ್ದೇನೆ, ಯಾವ ಕಡೆಗೆ ವಾಲಿದ್ದೇನೆ ಎಂಬುದು ವಾಹನಕ್ಕೆ ತಿಳಿಯಬೇಕು. ಇದು ಮನುಷ್ಯನಿಗೇ ಗೊತ್ತಾಗುವುದಿಲ್ಲ ಎಂಬುದನ್ನು ಮೊದಲ ಪೈಲಟ್‌ಗಳು ಪ್ರಾಣ ಕೊಟ್ಟು ಕಲಿತರು. ನಮ್ಮ ಒಳಕಿವಿಯಲ್ಲಿರುವ ದ್ರವ ವೇಗದ ಬದಲಾವಣೆಯನ್ನು ಗ್ರಹಿಸಬಲ್ಲದು, ಏಕರೀತಿಯ ತಿರುಗುವಿಕೆಯನ್ನಲ್ಲ. ಮೋಡದೊಳಗೆ ವಿಮಾನ ನಿಧಾನವಾಗಿ ಸುರುಳಿ ಸುತ್ತುತ್ತ ಇಳಿಯುತ್ತಿದ್ದರೂ ಪೈಲಟ್‌ಗೆ ತಾನು ನೇರ ಹೋಗುತ್ತಿದ್ದೇನೆಂದೇ ಅನಿಸುತ್ತದೆ.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಜೇಮ್ಸ್ ಡೂಲಿಟ್ಲ್ ತನ್ನ ಆಸನದ ಮೇಲೆ ಮುಸುಕು ಹಾಕಿಸಿಕೊಂಡು, ಹೊರಗಿನದೇನನ್ನೂ ನೋಡದೆ ವಿಮಾನವನ್ನು ಏರಿಸಿ, ತಿರುಗಿಸಿ, ಇಳಿಸಿದ. ಮುಂದಿನ ಆಸನದಲ್ಲಿ ಕೆಲ್ಸಿ ಎಂಬ ಇನ್ನೊಬ್ಬ ಪೈಲಟ್ ಅಪಾಯವಾದರೆ ಇರಲೆಂದು ಕುಳಿತಿದ್ದ, ಆದರೆ ಅವನು ಕೈ ಹಾಕಬೇಕಾಗಲಿಲ್ಲ. ಹಾರಾಟ ಮುಗಿದದ್ದು ಸುಮಾರು ಹದಿನೈದು ನಿಮಿಷದಲ್ಲಿ. ನನ್ನನ್ನು ಕೇಳಿದರೆ ಲಿಂಡ್‌ಬರ್ಗ್‌ನ ಮೂವತ್ತಮೂರೂವರೆ ಗಂಟೆಗಳಿಗಿಂತ ಈ ಹದಿನೈದು ನಿಮಿಷ ದೊಡ್ಡದು.

ಡೂಲಿಟ್ಲ್ ಮುಂದೆ ಇದ್ದ ಉಪಕರಣಗಳನ್ನು ನೋಡಿ. ಮೊದಲನೆಯವು ಸ್ಪೆರಿ ಕಂಪನಿಯ ಎರಡು ಗೈರೊಸ್ಕೋಪುಗಳು. ವೇಗವಾಗಿ ತಿರುಗುವ ಬುಗುರಿ ತನ್ನ ಅಕ್ಷದ ದಿಕ್ಕನ್ನು ಬಿಟ್ಟುಕೊಡದು. ವಿಮಾನ ಅದರ ಸುತ್ತ ವಾಲಿದರೆ ಎಷ್ಟು ವಾಲಿತು ಎಂಬುದನ್ನು ಬುಗುರಿಯನ್ನು ನೋಡಿ ಅಳೆಯಬಹುದು. ಒಂದು ಗೈರೊಸ್ಕೋಪ್ ಕೃತಕ ದಿಗಂತವನ್ನು ತೋರಿಸುತ್ತಿತ್ತು, ಇನ್ನೊಂದು ದಿಕ್ಕನ್ನು. ಪುಷ್ಪಕದಲ್ಲಿರುವ ಜಡತ್ವ ಸಂವೇದಕಗಳ ಕೆಲಸವೂ ಇದೇ. ಈಗಿನ ಹಲವು ಉಪಕರಣಗಳಲ್ಲಿ ತಿರುಗುವ ಚಕ್ರದ ಬದಲು ಲೇಸರ್ ಬೆಳಕು ಸುತ್ತುತ್ತದೆ.

ಇನ್ನೊಂದು ಕೋಲ್ಸ್‌ಮನ್ ತಯಾರಿಸಿದ ಎತ್ತರಮಾಪಕ. ಮೇಲೆ ಹೋದಂತೆ ವಾಯುಭಾರ ಇಳಿಯುತ್ತದೆ ಎಂಬುದು ಹಳೆಯ ಸಂಗತಿ. ನೆಲದ ಹತ್ತಿರ ಎಂಟೂವರೆ ಮೀಟರಿಗೆ ಸುಮಾರು ಒಂದು ಮಿಲಿಬಾರ್ ಕಡಿಮೆಯಾಗುತ್ತದೆ. ಮೂರು ಮೀಟರ್ ವ್ಯತ್ಯಾಸ ಗುರುತಿಸಬೇಕಾದರೆ ಒಟ್ಟು ವಾಯುಭಾರದ ಸುಮಾರು ಮೂರು ಸಾವಿರದಲ್ಲೊಂದು ಪಾಲಿನಷ್ಟು ಬದಲಾವಣೆಯನ್ನು ಹಿಡಿಯಬೇಕು. ಅದಕ್ಕೆ ಮುಂಚಿನ ಮಾಪಕಗಳಲ್ಲಿ ಆ ಸೂಕ್ಷ್ಮತೆ ಇರಲಿಲ್ಲ. ಗಡಿಯಾರ ತಯಾರಕರಂತೆ ಹಲ್ಲುಚಕ್ರಗಳನ್ನು ನಾಜೂಕಾಗಿ ಕೊರೆಸಿ ಕೋಲ್ಸ್‌ಮನ್ ಅದನ್ನು ಸಾಧಿಸಿದ.

ಮೂರನೆಯದು ರೇಡಿಯೊ ದಾರಿ. ನೆಲದ ಮೇಲಿನ ಪ್ರೇಷಕದಿಂದ ಎರಡು ಸಂಕೇತಗಳು ಬರುತ್ತಿದ್ದವು. ಪೈಲಟ್ ಮುಂದೆ ಎರಡು ಲೋಹದ ಪಟ್ಟಿಗಳು ಅವುಗಳಿಗೆ ತಕ್ಕಂತೆ ಕಂಪಿಸುತ್ತಿದ್ದವು. ಎರಡೂ ಸಮನಾಗಿ ಕಂಪಿಸಿದರೆ ದಾರಿ ಸರಿ, ಒಂದು ಹೆಚ್ಚಾದರೆ ಆ ಕಡೆಗೆ ಸರಿದಿದ್ದೀರಿ ಎಂದರ್ಥ. ಚಳ್ಳಕೆರೆಯಲ್ಲಿ ಇಸ್ರೋ ಬಳಸಿದ್ದು ನಾವಿಕ್ ಉಪಗ್ರಹಗಳ ಸಂಕೇತವನ್ನು ಮತ್ತು ಸ್ಯೂಡೊಲೈಟ್ ವ್ಯವಸ್ಥೆಯನ್ನು. ಸ್ಯೂಡೊಲೈಟ್ ಎಂದರೆ ಉಪಗ್ರಹದಂತೆಯೇ ಸಂಕೇತ ಕಳಿಸುವ, ಆದರೆ ನೆಲದ ಮೇಲೆ ಕುಳಿತಿರುವ ಪ್ರೇಷಕ. ವಿಧಾನ ಬದಲಾಗಿದೆ, ನೆಲದಿಂದ ರೇಡಿಯೊ ಮೂಲಕ ದಾರಿ ತೋರಿಸುವ ಉಪಾಯ ಬದಲಾಗಿಲ್ಲ.

ಪ್ರತಿಧ್ವನಿಯಿಂದ ಎತ್ತರ

ವಾಯುಭಾರದಿಂದ ಸಿಗುವ ಎತ್ತರಕ್ಕೆ ಒಂದು ದೋಷವಿದೆ. ಅದು ಗಾಳಿಯ ಅಳತೆ, ನೆಲದ ಅಳತೆಯಲ್ಲ. ಇಳಿಯುವ ಕೊನೆಯ ಕ್ಷಣಗಳಲ್ಲಿ ಬೇಕಾದದ್ದು ಚಕ್ರಕ್ಕೂ ನೆಲಕ್ಕೂ ಇರುವ ನಿಜವಾದ ಅಂತರ. ಅದನ್ನು ಕೊಡುವುದು ರೇಡಾರ್ ಎತ್ತರಮಾಪಕ.

ರೇಡಾರ್ ಎಂದಕೂಡಲೇ 1935ರ ಫೆಬ್ರವರಿ 26 ನೆನಪಾಗುತ್ತದೆ. ಅಂದು ವಾಟ್ಸನ್-ವಾಟ್ ಮತ್ತು ವಿಲ್ಕಿನ್ಸ್ ಇಂಗ್ಲೆಂಡಿನ ಡ್ಯಾವೆಂಟ್ರಿಯಲ್ಲಿ ಬಿಬಿಸಿಯ ರೇಡಿಯೊ ಅಲೆಗಳು ಬಾಂಬರ್ ವಿಮಾನಕ್ಕೆ ಬಡಿದು ಮರಳುವುದನ್ನು ತೋರಿಸಿದರು. ಆದರೆ ನಮ್ಮ ಎತ್ತರಮಾಪಕದ ವಂಶಾವಳಿ ಇನ್ನೂ ಹಿಂದಿನದು. 1924ರಲ್ಲಿ ಆಪಲ್‌ಟನ್ ಮತ್ತು ಬಾರ್ನೆಟ್ ಬಿಬಿಸಿಯ ಬೋರ್ನ್‌ಮತ್ ಪ್ರೇಷಕದ ಆವೃತ್ತಿಯನ್ನು ನಿಧಾನವಾಗಿ ಬದಲಿಸಿ, ನೇರ ಬಂದ ಅಲೆಯೂ ಆಕಾಶದಿಂದ ಮರಳಿದ ಅಲೆಯೂ ಒಂದನ್ನೊಂದು ಕೂಡಿ ಕಳೆಯುವುದನ್ನು ಎಣಿಸಿದರು. ಅದರಿಂದ ಅಯಾನುಗೋಳದ ಎತ್ತರ ತಿಳಿಯಿತು. ಇದೇ ಉಪಾಯವನ್ನು ತಲೆಕೆಳಗು ಮಾಡಿದರೆ ವಿಮಾನದಿಂದ ನೆಲದ ದೂರ ತಿಳಿಯುತ್ತದೆ. ಅಂಥ ಉಪಕರಣವನ್ನು ಬೆಲ್ ಪ್ರಯೋಗಾಲಯದವರು 1938ರಲ್ಲಿ ವಿಮಾನದಲ್ಲಿ ಹಾರಿಸಿ ತೋರಿಸಿದರು.

ಒಂದು ಉದಾಹರಣೆ ಮಾಡೋಣ. 30 ಮೀಟರ್ ಎತ್ತರದಿಂದ ಹೊರಟ ಅಲೆ ನೆಲ ಮುಟ್ಟಿ ಮರಳಲು ಸೆಕೆಂಡಿನ ಐವತ್ತು ಲಕ್ಷದಲ್ಲಿ ಒಂದು ಪಾಲು ಸಾಕು. 1930ರ ದಶಕದ ಯಾವ ಗಡಿಯಾರವೂ ಇದನ್ನು ನೇರವಾಗಿ ಅಳೆಯಲಾರದು. ಬದಲಿಗೆ ಪ್ರೇಷಕದ ಆವೃತ್ತಿಯನ್ನು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ 100 ಮೆಗಾಹರ್ಟ್ಸ್‌ನಷ್ಟು ಏರಿಸುತ್ತ ಹೋಗಿ. ಅಲೆ ಹೋಗಿ ಬರುವಷ್ಟರಲ್ಲಿ ಪ್ರೇಷಕದ ಆವೃತ್ತಿ 2,000 ಹರ್ಟ್ಸ್ ಮುಂದೆ ಹೋಗಿರುತ್ತದೆ. ಎರಡನ್ನೂ ಬೆರೆಸಿದರೆ 2,000 ಹರ್ಟ್ಸ್‌ನ ಸ್ವರ ಕೇಳುತ್ತದೆ. ಕಿವಿಯಲ್ಲಿ ಕೇಳಬಹುದಾದ ಸ್ವರ! 15 ಮೀಟರಿಗೆ ಬಂದಾಗ ಅದು 1,000 ಹರ್ಟ್ಸ್‌ಗೆ ಇಳಿಯುತ್ತದೆ. ತಂಬೂರಿಯ ಎರಡು ತಂತಿಗಳು ಶ್ರುತಿ ಕೂಡದಿದ್ದಾಗ ಕೇಳುವ ಮಿಡಿತವೂ ಇದೇ ಭೌತವಿಜ್ಞಾನ. ನಾನು ತರಗತಿಯಲ್ಲಿ ಇದನ್ನು ಯಾವಾಗಲೂ ಎರಡು ಶ್ರುತಿಕವೆಗಳಿಂದ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದ ಪಾಠ ಅದೊಂದೇ.

ಈ ಎತ್ತರ ನಿಖರವಾಗಿ ತಿಳಿದರೆ ಮಾತ್ರ ಕೊನೆಯ ಕೆಲಸ ಸಾಧ್ಯ. ಕಡಿದಾಗಿ ಬರುತ್ತಿರುವ ವಾಹನ ಸರಿಯಾದ ಕ್ಷಣದಲ್ಲಿ ಮೂಗನ್ನು ಮೇಲೆತ್ತಬೇಕು. ಆಗ ರೆಕ್ಕೆಗೆ ಗಾಳಿ ಬಡಿಯುವ ಕೋನ ಹೆಚ್ಚಿ, ಎತ್ತುವ ಬಲ ಹೆಚ್ಚಿ, ಬೀಳುವ ವೇಗ ತಗ್ಗುತ್ತದೆ. ಉದಾಹರಣೆಗೆ ವಾಹನ ಸೆಕೆಂಡಿಗೆ 50 ಮೀಟರ್‌ನಂತೆ ಕೆಳಗಿಳಿಯುತ್ತಿದ್ದರೆ, 500 ಮೀಟರ್ ಎತ್ತರದಿಂದ ಅದರ ಬಳಿ ಇರುವುದು ಹತ್ತೇ ಸೆಕೆಂಡ್. ಬೇಗ ಎತ್ತಿದರೆ ವೇಗ ಕಳೆದುಕೊಂಡು ಧೊಪ್ಪನೆ ಬೀಳುತ್ತದೆ. ತಡವಾದರೆ ಹೇಳುವುದೇ ಬೇಡ. ಮೂರನೆಯ ಪ್ರಯೋಗದಲ್ಲಂತೂ ಬೇಕೆಂದೇ ವಾಹನವನ್ನು ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಎರಡನೆಯದರಲ್ಲಿ ಆ ಅಂತರ 150 ಮೀಟರ್ ಇತ್ತು. ಗಾಳಿಯೂ ಜೋರಾಗಿತ್ತು. ಅದು ತಾನಾಗಿಯೇ ಸರಿದುಕೊಂಡು ರನ್‌ವೇಯ ನಡುಗೆರೆಗೆ ಬಂತು. ಎರಡನೆಯ ಸಲ ಇಳಿದ ಅದೇ ರೆಕ್ಕೆ, ಅದೇ ಒಡಲು ಮೂರನೆಯ ಸಲವೂ ಇಳಿದವು ಎಂಬುದನ್ನು ಮರೆಯಬಾರದು. ಪ್ರಯೋಗದ ಉದ್ದೇಶವೇ ಅದಲ್ಲವೇ?

ರೇಷ್ಮೆ, ನೈಲಾನ್ ಮತ್ತು ಬ್ರೇಕು

ನೆಲ ಮುಟ್ಟಿದ ಮೇಲೆ ಹಿಂಬದಿಯಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಅದು ವೇಗವನ್ನು ಗಂಟೆಗೆ ಸುಮಾರು 100 ಕಿ.ಮೀ.ಗೆ ತಂದ ಮೇಲೆಯೇ ಚಕ್ರದ ಬ್ರೇಕಿಗೆ ಕೆಲಸ. ವೇಗ ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆಯಾದರೆ ಚಲನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಬ್ರೇಕು ಕಾದು ಸುಟ್ಟುಹೋಗದಿರುವುದು ಈ ವರ್ಗದ ಲೆಕ್ಕದಿಂದ. ವಿಮಾನವನ್ನು ನಿಲ್ಲಿಸಲು ಪ್ಯಾರಾಚೂಟ್ ಬಳಸಿದವರಲ್ಲಿ 1937ರಲ್ಲಿ ಉತ್ತರ ಧ್ರುವ ಪ್ರದೇಶದ ಹಿಮದ ಮೇಲೆ ಇಳಿದ ಸೋವಿಯತ್ ವಿಮಾನಗಳವರು ಮೊದಲಿಗರು. ಜಾರುವ ಮಂಜಿನ ಮೇಲೆ ಚಕ್ರದ ಬ್ರೇಕು ಹಿಡಿಯುವುದಾದರೂ ಹೇಗೆ?

ಆ ಕಾಲದ ಪ್ಯಾರಾಚೂಟ್ ರೇಷ್ಮೆಯದು. ಹಗುರ, ಗಟ್ಟಿ, ಜಗ್ಗಿದರೆ ಹರಿಯದೆ ತುಸು ಹಿಗ್ಗುವ ಗುಣ. ಎರಡನೆಯ ಮಹಾಯುದ್ಧದ ವೇಳೆ ಮೈಸೂರು ಸಂಸ್ಥಾನದ ರೇಷ್ಮೆಗೂ ಇದಕ್ಕಾಗಿ ಬೇಡಿಕೆ ಬಂತು. ಆದರೆ ರೇಷ್ಮೆಯ ಎದುರಾಳಿ ಅದಕ್ಕೂ ಮೊದಲೇ ಹುಟ್ಟಿತ್ತು. ಡ್ಯೂಪಾಂಟ್ ಕಂಪನಿಯ ಕ್ಯಾರೊಥರ್ಸ್‌ನ ಪ್ರಯೋಗಾಲಯದಲ್ಲಿ 1935ರಲ್ಲಿ ನೈಲಾನ್ ತಯಾರಾಯಿತು. 1938ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಮುಂದೆ ಪ್ಯಾರಾಚೂಟ್ ನೈಲಾನಿನ ಪಾಲಾಯಿತು. ಮೊಳಕಾಲ್ಮೂರಿನ ಮಗ್ಗದಲ್ಲಿ ಮಾತ್ರ ಇವತ್ತಿಗೂ ರೇಷ್ಮೆಯೇ.

ಬಳ್ಳಾರಿಯಲ್ಲಿ ಒಂದು ರಾತ್ರಿ

ಇಷ್ಟೆಲ್ಲ ದೂರದ ದೇಶಗಳಲ್ಲಿ ನಡೆಯುತ್ತಿದ್ದಾಗ ನಮ್ಮ ಸೀಮೆಯ ಆಕಾಶ ಬರಿದಾಗಿತ್ತೇ? ಪೂರ್ತಿ ಅಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಹೊರಟು, ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲ್ ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿದದ್ದು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಿನ ಕಥೆ ಅಷ್ಟಾಗಿ ಗೊತ್ತಿಲ್ಲ. ನೆವಿಲ್ ವಿನ್ಸೆಂಟ್ ಅಂಚೆಯನ್ನು ಮದರಾಸಿಗೆ ಒಯ್ದ. ದಾರಿಯಲ್ಲಿ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ.

ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿ. ಎರಡರ ನಡುವೆ ನೇರ ಅಳತೆ ಸುಮಾರು 50 ಕಿ.ಮೀ. ಮುಂಬಯಿಯಿಂದ ಬಳ್ಳಾರಿಗೆ 600 ಕಿ.ಮೀ.ಗೂ ಹೆಚ್ಚು, ಗಂಟೆಗೆ ಸುಮಾರು 170 ಕಿ.ಮೀ. ಹೋಗುವ ವಿಮಾನಕ್ಕೆ ಮೂರೂವರೆ ಗಂಟೆಯ ದಾರಿ. ಮಧ್ಯಾಹ್ನ ಹೊರಟರೆ ಬಳ್ಳಾರಿಗೇ ಸಂಜೆ. ಆ ವಿಮಾನದಲ್ಲಿ ರೇಡಿಯೊ ಇರಲಿಲ್ಲ, ನೆಲದಲ್ಲಿ ದಾರಿದೀಪಗಳಿರಲಿಲ್ಲ. ಡೂಲಿಟ್ಲ್ ಕುರುಡು ಹಾರಾಟ ತೋರಿಸಿ ಮೂರು ವರ್ಷವಾಗಿದ್ದರೂ ನಮ್ಮ ಅಂಚೆಗೆ ಕತ್ತಲಾದರೆ ನಿಲ್ಲದೆ ಗತಿಯಿರಲಿಲ್ಲ. ವಿದ್ಯೆ ಹುಟ್ಟುವುದಕ್ಕೂ ನಮ್ಮ ಊರಿಗೆ ಬರುವುದಕ್ಕೂ ನಡುವಿನ ಅಂತರ ಇದು.

ಪೈಲಟ್ ಇಲ್ಲದ ವಿಮಾನ, ಕಾವಲಿನ ಕುರಿ

ಪೈಲಟ್ ಇಲ್ಲದೆ ಹಾರಿಸುವುದು ಕೂಡ ಆ ಕಾಲದ ಕೂಸೇ. 1935ರಲ್ಲಿ ಬ್ರಿಟಿಷರು ಕ್ವೀನ್ ಬೀ, ಎಂದರೆ ರಾಣಿ ಜೇನು, ಎಂಬ ವಿಮಾನವನ್ನು ರೇಡಿಯೊ ಮೂಲಕ ಹಾರಿಸಿ ಗುರಿ ಅಭ್ಯಾಸಕ್ಕೆ ಬಳಸಿದರು. ಇದನ್ನು ನೋಡಿದ ಅಮೆರಿಕನ್ನರು ತಮ್ಮದಕ್ಕೆ ಗಂಡು ಜೇನಿನ ಹೆಸರಿಟ್ಟರು. ಡ್ರೋನ್ ಎಂಬ ಮಾತು ಹೀಗೆ ಬಂತೆನ್ನುತ್ತಾರೆ. ಚಳ್ಳಕೆರೆಯ ಪರೀಕ್ಷಾ ವಲಯ ಇರುವುದೇ ಮುಖ್ಯವಾಗಿ ಇಂಥ ವಿಮಾನಗಳಿಗಾಗಿ. ರುಸ್ತುಮ್-2 ಇಲ್ಲಿ ಮೊದಲ ಬಾರಿ ಹಾರಿದ್ದು 2016ರ ನವೆಂಬರಿನಲ್ಲಿ. ಬಾಲವಿಲ್ಲದ, ಇಡೀ ಒಡಲೇ ರೆಕ್ಕೆಯಾಗಿರುವ ಮಾನವರಹಿತ ವಿಮಾನ 2022ರ ಜುಲೈ 1ರಂದು ಹಾರಿತು. ಮುಂದೆ ತಪಸ್ ಎಂದು ಹೆಸರಾದ ರುಸ್ತುಮ್ ಎರಡು ಸಲ ರೈತರ ಜಮೀನಿಗೆ ಬಿದ್ದಿದೆ: 2019ರ ಸೆಪ್ಟೆಂಬರಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ. ಪರೀಕ್ಷೆ ಎಂದ ಮೇಲೆ ಬೀಳುವುದೂ ಅದರ ಭಾಗ. ಆದರೆ ಹೊಲದಲ್ಲಿ ಕಳೆ ಕೀಳುತ್ತಿರುವವರಿಗೆ ಮುನ್ಸೂಚನೆ ಹೇಗೆ ತಲುಪಬೇಕು ಎಂಬುದೂ ಪರೀಕ್ಷೆಯ ಭಾಗವಾಗಬೇಕೆಂದು ನನ್ನ ಅಭಿಪ್ರಾಯ.

ವಲಯ ಇರುವ ನೆಲದ ಬಗ್ಗೆ ಹೇಳದೆ ಮುಗಿಸಿದರೆ ಲೇಖನ ಅರ್ಧವಾಗುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದು ಮೀಸಲಿದ್ದ ಹುಲ್ಲುಗಾವಲುಗಳು ಈ ಕಾವಲುಗಳು. ಕೃಷ್ಣಮೃಗಗಳಿರುವ ನೆಲ, ಸುತ್ತಲ ಹಳ್ಳಿಗಳ ಕುರಿ, ದನಗಳ ಮೇವು, ಕಂಬಳಿ ನೇಯುವವರ ಉಣ್ಣೆ ಎಲ್ಲವೂ ಇದರ ಮೇಲೆ ನಿಂತಿದ್ದವು. ರಕ್ಷಣಾ ಸಂಶೋಧನೆ, ಅಣುಶಕ್ತಿ, ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ, ನಾಲ್ಕಕ್ಕೂ ಸೇರಿ ಸುಮಾರು ಒಂಬತ್ತು ಹತ್ತು ಸಾವಿರ ಎಕರೆಯಷ್ಟು ಹೋಯಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ವಿಶಾಲವಾದ, ಜನವಸತಿ ವಿರಳವಾದ, ವರ್ಷದ ಬಹುಪಾಲು ಆಕಾಶ ತಿಳಿಯಾಗಿರುವ ಜಾಗ ಪರೀಕ್ಷೆಗೆ ಬೇಕು ಎಂಬುದು ಭೌತವಿಜ್ಞಾನಿಯಾಗಿ ನನಗೆ ಅರ್ಥವಾಗುತ್ತದೆ. ನಕ್ಷೆಯಲ್ಲಿ ಖಾಲಿ ಕಾಣುವ ನೆಲ ಖಾಲಿಯಲ್ಲ ಎಂಬುದು ಆ ಊರಿನವನಾಗಿ ಗೊತ್ತು. ಈ ಎರಡನ್ನೂ ಕೂಡಿಸುವ ಸೂತ್ರ ನನ್ನ ಬಳಿ ಇಲ್ಲ.

ಮರುದಿನ ಅದೇ ಯಜಮಾನರು ಸಿಕ್ಕಾಗ ಇಷ್ಟನ್ನೂ ನನಗೆ ತಿಳಿದಂತೆ ವಿವರಿಸಿದೆ. ನೆಲದ ಮೇಲೆ ಕೋಲಿನಿಂದ ಇಳಿಜಾರಿನ ಗೆರೆ ಎಳೆದು ತೋರಿಸಿದೆ. ಅವರು ಗೆರೆಯನ್ನು ಬಹಳ ಹೊತ್ತು ನೋಡಿದರು.

“ಅಂಗಾದ್ರೆ ಹದ್ದಿನಂಗಲ್ಲ ಅನ್ನಿ ಮೇಷ್ಟ್ರೇ. ಕವಣೆ ಕಲ್ಲಿನಂಗೆ ಬಂದು ಕೊನೇಲಿ ಹದ್ದಾಗ್ತೈತೆ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಷ್ಟರಲ್ಲಿ ಬಿಸಿಲೇರಿತ್ತು. ಅವರು ಕುರಿಗಳನ್ನು ಎಬ್ಬಿಸಿಕೊಂಡು, ಕಾವಲಿನ ಕಾಂಪೌಂಡ್ ಗೋಡೆ ಸುತ್ತುಬಳಸಿ ಹೋಗುವ ದಾರಿ ಹಿಡಿದರು.